ಮಳೆ ಬರೋ ಹಾಗಿದೆ: ಫ್ರೆಂಚ್‌ನ ‘ಫ್ಯುತ್ಯುರ್ ಪ್ರೋಶ್’ ಕಲಿಯೋಣ ಬನ್ನಿ

ಮೇ ತಿಂಗಳ ಮಧ್ಯಾಹ್ನ. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿದೆ. ಬಿಸಿಲು ಚುರುಗುಟ್ಟುತ್ತಿದೆ. ಅಮ್ಮ ಜಗಲಿಗೆ ಬಂದು ಗುಡ್ಡದ ಕಡೆ ಒಮ್ಮೆ ನೋಡುತ್ತಾಳೆ. ‘ಮಳೆ ಬರೋ ಹಾಗಿದೆ, ಹಪ್ಪಳ ಎತ್ತಿ ಬೇಗ’ ಅನ್ನುತ್ತಾಳೆ. ನಾವು ಚಾಪೆ ಸಮೇತ ಎತ್ತಿಕೊಂಡು ಓಡುತ್ತೇವೆ.

ಅಮ್ಮ ‘ಮಳೆ ಬರುತ್ತದೆ’ ಅನ್ನಲಿಲ್ಲ. ‘ಮಳೆ ಬಂದೀತು’ ಅಂತಲೂ ಅನ್ನಲಿಲ್ಲ. ‘ಬರೋ ಹಾಗಿದೆ’ ಅಂದಳು. ಮಳೆ ಇನ್ನೂ ಬಂದಿಲ್ಲ, ಆದರೆ ಅದರ ಗುರುತು ಈಗಲೇ ಕಣ್ಣೆದುರಿಗಿದೆ. ಇದೇ ಮಾತನ್ನು ಒಬ್ಬ ಫ್ರೆಂಚ್ ಅಜ್ಜಿ ಹೇಳಿದರೆ ಹೀಗಿರುತ್ತದೆ: ‘ಇಲ್ ವಾ ಪ್ಲೆವ್ವಾರ್.’ ಇದಕ್ಕೆ ಫ್ರೆಂಚ್ ವ್ಯಾಕರಣದಲ್ಲಿ ಫ್ಯುತ್ಯುರ್ ಪ್ರೋಶ್ ಅನ್ನುತ್ತಾರೆ. ಅಂದರೆ ಹತ್ತಿರದ ಭವಿಷ್ಯ.

ನಾನು ಶಿವಮೊಗ್ಗದ ವಿನೋಬನಗರದಲ್ಲಿ ಮನೆಯಲ್ಲೇ ನಾಲ್ಕಾರು ಜನರಿಗೆ ಫ್ರೆಂಚ್ ಹೇಳಿಕೊಡುತ್ತೇನೆ. ಓದಲು ಫ್ರಾನ್ಸಿಗೆ ಹೊರಟ ಹುಡುಗರಿದ್ದಾರೆ. ಮೊಮ್ಮಗನ ಜೊತೆ ಮಾತಾಡಲು ಕಲಿಯುತ್ತಿರುವ ಒಬ್ಬ ಅಜ್ಜಿಯೂ ಇದ್ದಾರೆ. ಎಲ್ಲರಿಗೂ ನಾನು ಮೊದಲು ಕಲಿಸುವ ಭವಿಷ್ಯತ್ ಕಾಲ ಇದೇ. ಯಾಕೆಂದರೆ ಆರೇ ಆರು ರೂಪ ಬಾಯಿಪಾಠವಾದರೆ, ಎಷ್ಟು ಕ್ರಿಯಾಪದದ ಮೂಲರೂಪ ಗೊತ್ತಿದೆಯೋ ಅಷ್ಟಕ್ಕೂ ಭವಿಷ್ಯ ಸಿಕ್ಕಿಬಿಡುತ್ತದೆ. ಫ್ರೆಂಚ್ ಭಾಷೆಯ ಡೆಲ್ಫ್ ಪರೀಕ್ಷೆಯ ಮೊದಲ ಹಂತವಾದ ಎ1ಕ್ಕೂ ಇಷ್ಟು ಬೇಕೇ ಬೇಕು.

ಮೊದಲು ಉಚ್ಚಾರಣೆ, ಎರಡೇ ಮಾತು

ಇಲ್ಲಿ ಫ್ರೆಂಚನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಹಾಗಾಗಿ ಕೆಲವು ಸದ್ದುಗಳನ್ನು ಮೊದಲೇ ಹೇಳಿಬಿಡುತ್ತೇನೆ. ‘ನಾನು’ ಅನ್ನುವುದಕ್ಕೆ ‘ಜ’ ಅಂತ ಬರೆದಿದ್ದೇನಲ್ಲ, ಅದು ಜನಿವಾರದ ಜ ಅಲ್ಲ. ‘ಶ’ ಹೇಳುವ ಜಾಗದಲ್ಲೇ ನಾಲಿಗೆ ಇಟ್ಟು ಗಂಟಲಿನಿಂದ ಧ್ವನಿ ಹೊರಡಿಸಿ, ಅದು ಬರುತ್ತದೆ. ‘ತ್ಯು’ ಅಂತ ಬರೆದಲ್ಲಿ ಬಾಯಿಯೊಳಗೆ ‘ಇ’ ಹೇಳುತ್ತಾ ತುಟಿಯನ್ನು ಮಾತ್ರ ‘ಊ’ ಹೇಳುವಂತೆ ಮುಂದೆ ಚಾಚಬೇಕು. ಕನ್ನಡಿ ಮುಂದೆ ಮಾಡಿ ನೋಡಿ, ನಗು ಬರುತ್ತದೆ, ಪರವಾಗಿಲ್ಲ. ಪದದ ಕೊನೆಗೆ ಸೊನ್ನೆ ಇದ್ದರೆ ತುಟಿ ಮುಚ್ಚಿ ‘ಮ್’ ಅನ್ನಬೇಡಿ. ಫೋನ್ ಎತ್ತಿ ‘ಹ್ಞಾಂ, ಹೇಳಿ’ ಅಂತೀವಲ್ಲ, ಆ ಹ್ಞಾಂನ ಮೂಗುಸ್ವರ ಅದು. ‘ರ’ ಗಂಟಲಲ್ಲಿ ಹುಟ್ಟುತ್ತದೆ. ಇದೆಲ್ಲ ಕಿವಿಯಿಂದ ಕಲಿಯುವಂಥದ್ದು, ಹಾಗಾಗಿ ಯಾವುದಾದರೂ ಫ್ರೆಂಚ್ ರೇಡಿಯೋ ಹಾಕಿಕೊಂಡು ಅಡುಗೆ ಮಾಡಿ.

ಹೆಜ್ಜೆ 1: ‘ಹೋಗು’ ಅನ್ನುವ ಕ್ರಿಯಾಪದದ ಆರು ರೂಪ

ಫ್ರೆಂಚ್‌ನಲ್ಲಿ ‘ಹೋಗು’ ಅನ್ನುವುದಕ್ಕೆ ‘ಆಲೇ’. ಇದರ ವರ್ತಮಾನ ರೂಪಗಳೇ ನಮಗೆ ಬೇಕಾದ ಬಂಡವಾಳ.

ನಾನು: ಜ ವೆ
ನೀನು: ತ್ಯು ವಾ
ಅವನು, ಅವಳು: ಇಲ್ ವಾ, ಎಲ್ ವಾ
ನಾವು: ನೂಜ಼ಾಲೋಂ
ನೀವು: ವೂಜ಼ಾಲೇ
ಅವರು: ಇಲ್ ವೋಂ, ಎಲ್ ವೋಂ

ಇದರ ಜೊತೆ ಇನ್ನೊಂದಿದೆ. ಮಾತಿನಲ್ಲಿ ಫ್ರೆಂಚರು ‘ನಾವು’ ಅನ್ನಲು ‘ನೂ’ ಬಳಸುವುದಕ್ಕಿಂತ ‘ಓಂ’ ಬಳಸುವುದೇ ಜಾಸ್ತಿ. ಅದಕ್ಕೆ ‘ವಾ’ ಸೇರುತ್ತದೆ: ಓಂ ವಾ. ಮೊದಲ ವಾರ ‘ಜ ವೆ’ ಮತ್ತು ‘ಓಂ ವಾ’ ಎರಡರಲ್ಲೇ ಸಂಸಾರ ಮಾಡಿ, ಸಾಕು.

ಬರೆಯುವಾಗ ಹುಷಾರು. ಕಿವಿಗೆ ‘ವಾ’ ಒಂದೇ ಥರ ಕೇಳಿಸಿದರೂ, ‘ನೀನು’ ಜೊತೆ ಬರುವಾಗ ಕೊನೆಗೆ ಎಸ್ ಅಕ್ಷರ ಇರುತ್ತದೆ, ‘ಅವನು’ ಜೊತೆ ಇರುವುದಿಲ್ಲ. ‘ವೆ’ ಕೊನೆಗೂ ಒಂದು ಎಸ್ ಸುಮ್ನೆ ಕೂತಿರುತ್ತದೆ. ‘ವೋಂ’ ಕೊನೆಗೆ ಎನ್, ಟಿ. ಇನ್ನು ‘ಆಲೇ’ ಅನ್ನುವುದು ಎರಡು ಕಡೆ ಬಂತಲ್ಲ. ಮೂಲರೂಪವಾದರೆ ಕೊನೆಗೆ ಇ, ಆರ್. ‘ನೀವು’ ಜೊತೆಗಿದ್ದರೆ ಇ, ಜ಼ೆಡ್.

ನೀನು, ನೀವು ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಬಂದಿದೆ. ಆದರೆ ಫ್ರೆಂಚ್ ಮನೆಗಳಲ್ಲಿ ಮಕ್ಕಳು ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರಿಗೂ ಸಾಮಾನ್ಯವಾಗಿ ‘ತ್ಯು’ ಅನ್ನುತ್ತಾರೆ. ನಮ್ಮ ಅಜ್ಜಿ ವಿದ್ಯಾರ್ಥಿನಿಗೆ ಮೊಮ್ಮಗ ವಿಡಿಯೋ ಕಾಲ್‌ನಲ್ಲಿ ‘ತ್ಯು’ ಅಂದಾಗ ಮೊದಲು ಸ್ವಲ್ಪ ಬೇಜಾರಾಗಿತ್ತಂತೆ. ಅಲ್ಲಿ ಅದು ಸಲಿಗೆ, ಅಗೌರವ ಅಲ್ಲ.

ನಾವು ಜಾಸ್ತಿ ಎಡವುವುದು ‘ಅವರು’ ವಿಷಯದಲ್ಲಿ. ‘ಅಜ್ಜ ಬರೋರಿದ್ದಾರೆ’ ಅಂತ ನಾವು ಒಬ್ಬರಿಗೇ ಬಹುವಚನ ಹಾಕುತ್ತೇವೆ. ಅದೇ ಅಭ್ಯಾಸದಲ್ಲಿ ನನ್ನ ವಿದ್ಯಾರ್ಥಿಗಳು ‘ಮೋಂ ಗ್ರಾಂ-ಪೇರ್ ವೋಂ ವನೀರ್’ ಅಂದುಬಿಡುತ್ತಾರೆ. ಫ್ರೆಂಚ್ ಕಿವಿಗೆ ಇದು ತಪ್ಪು. ಅಜ್ಜ ಒಬ್ಬರೇ, ಹಾಗಾಗಿ ‘ಮೋಂ ಗ್ರಾಂ-ಪೇರ್ ವಾ ವನೀರ್’. ರಾಷ್ಟ್ರಪತಿಯಾದರೂ ‘ಇಲ್ ವಾ’ ಅಷ್ಟೇ. ಎದುರಿಗೆ ನಿಂತು ಮಾತಾಡುವಾಗ ಮಾತ್ರ ಗೌರವಕ್ಕೆ ‘ವೂ’ ಇದೆ, ಬೆನ್ನ ಹಿಂದೆ ಇಲ್ಲ.

ಹೆಜ್ಜೆ 2: ಮೂಲರೂಪವನ್ನು ಹಾಗೇ ಅಂಟಿಸಿ

ಪೇಪರ್ ತೆಗೆದು ನೋಡಿ. ‘ಮುಖ್ಯಮಂತ್ರಿ ನಾಳೆ ಶಿವಮೊಗ್ಗಕ್ಕೆ ಬರಲಿದ್ದಾರೆ.’ ಈ ‘ಬರಲಿದ್ದಾರೆ’ಯನ್ನು ಬಿಡಿಸಿದರೆ ಬರಲು, ಇದ್ದಾರೆ. ‘ಬರಲು’ ಯಾವತ್ತೂ ಬದಲಾಗುವುದಿಲ್ಲ. ಬರಲಿದ್ದೇನೆ, ಬರಲಿದ್ದೀಯ, ಬರಲಿದ್ದಾಳೆ, ಬರಲಿದ್ದೇವೆ. ಕುಣಿಯುವುದೆಲ್ಲ ‘ಇರು’ ಮಾತ್ರ. ಫ್ರೆಂಚ್‌ನಲ್ಲೂ ಇದೇ ಆಟ. ಅಲ್ಲಿ ಕುಣಿಯುವುದು ‘ಆಲೇ’, ನಿಂತಿರುವುದು ಇನ್ನೊಂದು ಕ್ರಿಯಾಪದದ ಮೂಲರೂಪ. ಒಂದೇ ವ್ಯತ್ಯಾಸ, ಕುಣಿಯುವುದು ಮುಂದೆ ಬರುತ್ತದೆ, ನಿಂತದ್ದು ಹಿಂದೆ.

ಮೂಲರೂಪ ಅಂದರೆ ಡಿಕ್ಷನರಿಯಲ್ಲಿ ಸಿಗುವ ರೂಪ. ಮಾಂಜೇ ಅಂದರೆ ತಿನ್ನು. ಪಾರ್ತೀರ್ ಅಂದರೆ ಹೊರಡು. ಪ್ರಾಂದ್ರ್ ಅಂದರೆ ತೆಗೆದುಕೊ. ಫೇರ್ ಅಂದರೆ ಮಾಡು. ವನೀರ್ ಅಂದರೆ ಬಾ. ಈಗ ಸೇರಿಸಿ:

ಜ ವೆ ಮಾಂಜೇ. ಊಟ ಮಾಡ್ತೀನಿ ಈಗ.
ತ್ಯು ವಾ ಪಾರ್ತೀರ್. ನೀನು ಹೊರಡ್ತೀಯ.
ಎಲ್ ವಾ ವನೀರ್. ಅವಳು ಬರೋಳಿದ್ದಾಳೆ.
ವೂಜ಼ಾಲೇ ಫೇರ್. ನೀವು ಮಾಡಲಿದ್ದೀರಿ.

ಇದರಲ್ಲಿ ‘ಫೇರ್’, ‘ವನೀರ್’, ‘ಪ್ರಾಂದ್ರ್’ ಮೂರೂ ಫ್ರೆಂಚ್‌ನ ತುಂಟ ಕ್ರಿಯಾಪದಗಳು. ವರ್ತಮಾನದಲ್ಲಿ ಒಂದೊಂದು ಸರ್ವನಾಮಕ್ಕೆ ಒಂದೊಂದು ವೇಷ ಹಾಕುತ್ತವೆ. ಇಲ್ಲಿ ಪಾಪದ ಹಾಗೆ ಮೂಲರೂಪದಲ್ಲೇ ಕೂರುತ್ತವೆ. ಅದಕ್ಕೇ ನಾನು ಇದನ್ನು ಮೊದಲು ಕಲಿಸುವುದು.

ಎರಡು ತಪ್ಪು ಇಲ್ಲಿ ಪದೇಪದೇ ಆಗುತ್ತವೆ. ಮೊದಲನೆಯದು, ಎರಡನೇ ಕ್ರಿಯಾಪದವನ್ನೂ ಬದಲಾಯಿಸುವುದು. ‘ಜ ವೆ ಮಾಂಜ್’ ಅಂದರೆ ‘ನಾನು ತಿನ್ನುತ್ತೇನಲಿದ್ದೇನೆ’ ಅಂದ ಹಾಗೆ. ಎರಡನೆಯದು ಇಂಗ್ಲಿಷ್ ಮೀಡಿಯಂ ಕಾಯಿಲೆ, ‘ಗೋಯಿಂಗ್ ಟು’ವಿನ ‘ಟು’ ಥರ ನಡುವೆ ಒಂದು ‘ಆ’ ತುರುಕುವುದು. ಪುದುಚೇರಿಯ ಒಂದು ಬೇಕರಿಯಲ್ಲಿ ನಾನೇ ಒಮ್ಮೆ ಜಂಬದಿಂದ ‘ಜ ವೆ ಆ ಪ್ರಾಂದ್ರ್’ ಅಂದಿದ್ದೆ. ಕೌಂಟರಿನಲ್ಲಿದ್ದ ವಯಸ್ಸಾದವರು ‘ಜ ವೆ ಪ್ರಾಂದ್ರ್’ ಅಂತ ಮೆಲ್ಲಗೆ ತಿದ್ದಿ, ಆಮೇಲೆ ಬನ್ ಕೊಟ್ಟರು. ಊರಿನ ಹೆಸರು ಬಂದರೆ ‘ಆ’ ಬೇಕು: ಜ ವೆ ಆ ಸಾಗರ. ಸಾಗರಕ್ಕೆ ಹೋಗ್ತೀನಿ. ಕ್ರಿಯಾಪದ ಬಂದರೆ ‘ಆ’ ಬೇಡ. ಇಷ್ಟೇ.

ಅಂದಹಾಗೆ ‘ಜ ವೆ ಆ ಸಾಗರ’ ಫ್ಯುತ್ಯುರ್ ಪ್ರೋಶ್ ಅಲ್ಲ, ಅದು ಬರೀ ಹೋಗುವುದು. ಹಿಂದೆ ಇನ್ನೊಂದು ಕ್ರಿಯಾಪದ ಇದ್ದರೆ ಮಾತ್ರ ಅದು ಭವಿಷ್ಯ. ‘ಓಂ ವಾ ಆಲೇ ಆ ಸಾಗರ’ ಅಂದಾಗ ‘ಹೋಗು’ ಎರಡು ಸಲ ಬಂತಲ್ಲ ಅಂತ ಹುಡುಗರು ಗಾಬರಿಯಾಗುತ್ತಾರೆ. ಬರಲಿ ಬಿಡಿ. ಮೊದಲನೆಯದು ಬಾಡಿಗೆಗೆ ಬಂದದ್ದು, ಎರಡನೆಯದೇ ನಿಜವಾದ ಹೋಗುವಿಕೆ.

ನಡುವೆ ಒಂದು ತೋಟದ ಮಾತು

ತೀರ್ಥಹಳ್ಳಿಯಿಂದ ಬರುವ ಒಬ್ಬ ಹುಡುಗನಿಗೆ ಪುಸ್ತಕದ ಉದಾಹರಣೆಗಳು ತಲೆಗೆ ಹತ್ತುತ್ತಿರಲಿಲ್ಲ. ಪ್ಯಾರಿಸ್ಸಿನ ಮೆಟ್ರೋ, ಚೀಸ್ ಅಂಗಡಿ, ಸ್ಕೀಯಿಂಗ್. ಅವನಿಗೆ ಏನು ಸಂಬಂಧ? ಒಂದು ದಿನ ಕ್ಲಾಸಿಗೆ ತಡವಾಗಿ ಬಂದ. ‘ನಾಳೆ ತೋಟಕ್ಕೆ ಬೋರ್ಡೋ ಹೊಡೆಯೋದಿದೆ, ಮೈಲುತುತ್ತ ತರೋಕೆ ಹೋಗಿದ್ದೆ’ ಅಂದ. ಆಗ ನನಗೆ ಹೊಳೆಯಿತು. ಮಲೆನಾಡಿನ ಅಡಿಕೆ ಬೆಳೆಗಾರರ ಬಾಯಲ್ಲಿ ದಿನಾ ಓಡಾಡುವ ಫ್ರೆಂಚ್ ಪದವೇ ಇದೆಯಲ್ಲ!

ಬೋರ್ಡೋ ಅಂದರೆ ಫ್ರಾನ್ಸಿನ ನೈಋತ್ಯದ ಊರು, ದ್ರಾಕ್ಷಿ ತೋಟಗಳಿಗೆ ಹೆಸರಾದದ್ದು. ದಾರಿಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ಅಲ್ಲಿನ ರೈತರು ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ಬೂಜುರೋಗ ತಗಲದ್ದನ್ನು ಗಮನಿಸಿದವರು ಅಲ್ಲಿನ ಸಸ್ಯವಿಜ್ಞಾನಿ ಮಿಯಾರ್ದೇ. 1885ರಲ್ಲಿ ಅವರು ಈ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ನಾವು ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಹೊಡೆಯುತ್ತೇವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಫ್ರೆಂಚರು ಇದಕ್ಕೆ ‘ಬೂಯಿ ಬೋರ್ದಲೇಜ಼್’ ಅನ್ನುತ್ತಾರೆ. ‘ಬೂಯಿ’ ಅಂದರೆ ಗಂಜಿ. ಮಗುವಿಗೆ ತಿನ್ನಿಸುವ ಗಂಜಿಗೂ ಅದೇ ಪದ.

ಆ ಹುಡುಗ ಅವತ್ತು ಕಟ್ಟಿದ ವಾಕ್ಯ: ‘ದಮ್ಯಾಂ, ಓಂ ವಾ ಪ್ರೆಪಾರೇ ಲಾ ಬೂಯಿ ಬೋರ್ದಲೇಜ಼್.’ ನಾಳೆ ಬೋರ್ಡೋ ಗಂಜಿ ತಯಾರು ಮಾಡ್ತೀವಿ. ಆಮೇಲೆ ಕಿಟಕಿ ಆಚೆ ನೋಡಿ ತಾನಾಗಿಯೇ ಸೇರಿಸಿದ: ‘ಮೇ ಇಲ್ ವಾ ಪ್ಲೆವ್ವಾರ್.’ ಆದರೆ ಮಳೆ ಬರೋ ಹಾಗಿದೆ. ಇನ್ನು ಅವನಿಗೆ ಈ ಪಾಠ ಮರೆಯುವ ಹಾಗಿಲ್ಲ. ನೀವೂ ಉದಾಹರಣೆಗಳನ್ನು ನಿಮ್ಮ ಮನೆ, ತೋಟ, ಆಫೀಸಿನಿಂದಲೇ ಆರಿಸಿಕೊಳ್ಳಿ.

ಹೆಜ್ಜೆ 3: ‘ಇಲ್ಲ’ ಅನ್ನುವುದು

ಕನ್ನಡದಲ್ಲಿ ಇಲ್ಲ ಅನ್ನುವುದು ಕೊನೆಗೆ ಬರುತ್ತದೆ. ‘ಬರಲ್ಲ’, ಮುಗೀತು. ಫ್ರೆಂಚ್‌ನಲ್ಲಿ ‘ನ’ ಮತ್ತು ‘ಪಾ’ ಅಂತ ಎರಡು ತುಂಡು. ಕಡುಬಿನ ಹಿಟ್ಟನ್ನು ಬಾಳೆಲೆಯಲ್ಲಿ ಎರಡೂ ಕಡೆಯಿಂದ ಮಡಿಸುತ್ತೇವಲ್ಲ, ಹಾಗೆ ಈ ಎರಡು ತುಂಡು ‘ಆಲೇ’ಯ ರೂಪವನ್ನು ಮಾತ್ರ ಮಡಿಸಿಕೊಳ್ಳುತ್ತವೆ. ಮೂಲರೂಪ ಎಲೆಯ ಆಚೆ ಉಳಿಯುತ್ತದೆ.

ಜ ನ ವೆ ಪಾ ಪಾರ್ತೀರ್. ನಾನು ಹೊರಡಲ್ಲ.
ಇಲ್ ನ ವಾ ಪಾ ಪ್ಲೆವ್ವಾರ್. ಮಳೆ ಬರಲ್ಲ.

‘ಜ ನ ವೆ ಪಾರ್ತೀರ್ ಪಾ’ ಅನ್ನಬೇಡಿ. ‘ಪಾ’ವನ್ನು ಕೊನೆಗೆ ತಳ್ಳುವುದು ನಮ್ಮ ಕನ್ನಡದ ಅಭ್ಯಾಸ. ಮಾತಾಡುವಾಗ ಫ್ರೆಂಚರು ‘ನ’ ನುಂಗಿಬಿಡುತ್ತಾರೆ, ‘ಜ ವೆ ಪಾ ಪಾರ್ತೀರ್’ ಅಂತ ಕೇಳಿಸುತ್ತದೆ. ನೀವು ಪರೀಕ್ಷೆಯಲ್ಲಿ ನುಂಗಬೇಡಿ.

ಹೆಜ್ಜೆ 4: ಪ್ರಶ್ನೆ

ಸುಲಭದ ದಾರಿ, ವಾಕ್ಯ ಹಾಗೇ ಇಟ್ಟು ಕೊನೆಗೆ ಸ್ವರ ಏರಿಸಿ: ತ್ಯು ವಾ ವನೀರ್? ಬರ್ತೀಯಾ? ಸ್ವಲ್ಪ ಶಿಸ್ತಿನ ದಾರಿ, ಮುಂದೆ ‘ಎಸ್ಕ’ ಹಾಕಿ: ಎಸ್ಕ ತ್ಯು ವಾ ವನೀರ್? ಮೂರನೆಯದು ತಿರುವಿ ಹಾಕುವುದು: ವಾ-ತ್ಯು ವನೀರ್? ಇದು ಬರವಣಿಗೆಯ ಶೈಲಿ. ಶುರುವಿಗೆ ಎರಡನೆಯದನ್ನು ಹಿಡಿದುಕೊಳ್ಳಿ, ಎಲ್ಲ ಕಡೆ ನಡೆಯುತ್ತದೆ.

ಹೆಜ್ಜೆ 5: ‘ಅದನ್ನು’, ‘ಅಲ್ಲಿಗೆ’ ಎಲ್ಲಿ ಕೂರುತ್ತವೆ

‘ಅದನ್ನು ಮಾಡ್ತೀನಿ’ ಅನ್ನಬೇಕು. ‘ಅದನ್ನು’ ಅಂದರೆ ‘ಲ’. ಅದರ ಜಾಗ ಎರಡು ಕ್ರಿಯಾಪದಗಳ ನಡುವೆ, ಮೂಲರೂಪಕ್ಕೆ ಆತುಕೊಂಡು: ಜ ವೆ ಲ ಫೇರ್. ‘ಜ ಲ ವೆ ಫೇರ್’ ತಪ್ಪು. ಅರ್ಥದಿಂದ ಯೋಚಿಸಿ. ‘ಅದನ್ನು’ ಸೇರಬೇಕಾದದ್ದು ‘ಮಾಡು’ ಜೊತೆಗೆ, ‘ಹೋಗು’ ಜೊತೆಗಲ್ಲ. ನಾವೂ ‘ಅದನ್ನು ಮಾಡಲಿದ್ದೇನೆ’ ಅನ್ನುವಾಗ ಅದನ್ನು ‘ಮಾಡು’ವ ಪಕ್ಕದಲ್ಲೇ ಕೂರಿಸುತ್ತೇವೆ, ಅಲ್ವಾ?

ಏಳುವುದು, ಮಲಗುವುದು, ಸ್ನಾನ ಮಾಡುವುದು, ಇವೆಲ್ಲ ಫ್ರೆಂಚ್‌ನಲ್ಲಿ ತನ್ನನ್ನೇ ತಾನು ಮಾಡಿಕೊಳ್ಳುವ ಕ್ರಿಯೆಗಳು. ಡಿಕ್ಷನರಿಯಲ್ಲಿ ‘ಸ ಲವೇ’ ಅಂತ ಇರುತ್ತದೆ, ಏಳು ಅಂತ. ಇಲ್ಲಿ ಮೂಲರೂಪ ಬದಲಾಗದಿದ್ದರೂ ಆ ‘ಸ’ ಬದಲಾಗುತ್ತದೆ. ಜ ವೆ ಮ ಲವೇ. ತ್ಯು ವಾ ತ ಲವೇ. ಇಲ್ ವಾ ಸ ಲವೇ. ನೂಜ಼ಾಲೋಂ ನೂ ಲವೇ. ‘ಜ ವೆ ಸ ಲವೇ’ ಅಂತ ಬರೆದು ಅಂಕ ಕಳೆದುಕೊಂಡವರು ನನ್ನ ಬಳಿ ಸಾಕಷ್ಟಿದ್ದಾರೆ.

‘ಅಲ್ಲಿಗೆ’ ಅನ್ನುವುದಕ್ಕೆ ‘ಇ’. ‘ಜ ವೆ ಯಾಲೇ’ ಅಂದರೆ ಅಲ್ಲಿಗೆ ಹೋಗ್ತೀನಿ. ಇದೇ ಮಾತು ನೆಂಟರ ಮನೆಯಿಂದ ಹೊರಡುವಾಗಲೂ ಬರುತ್ತದೆ. ನಮ್ಮಲ್ಲಿ ಹೊಸ್ತಿಲಲ್ಲಿ ನಿಂತು ‘ಹೋಗ್ತೀನಿ’ ಅಂದರೆ ಅಜ್ಜಿ ಗದರುತ್ತಾರೆ, ‘ಹೋಗಿ ಬರ್ತೀನಿ ಅನ್ನು’ ಅಂತ. ಫ್ರೆಂಚರು ಯಾವ ಅಳುಕೂ ಇಲ್ಲದೆ ‘ಬೋಂ, ಜ ವೆ ಯಾಲೇ’ ಅಂದು ಎದ್ದು ನಿಲ್ಲುತ್ತಾರೆ. ಸರಿ, ನಾನಿನ್ನು ಹೊರಡ್ತೀನಿ ಅಂತ. ಅಲ್ಲಿ ಅದು ಮರ್ಯಾದೆಯ ಮಾತೇ.

ಹೆಜ್ಜೆ 6: ಯಾವಾಗ ಬಳಸಬೇಕು

ಹೆಸರಿನಲ್ಲಿ ‘ಹತ್ತಿರ’ ಅಂತ ಇರುವುದರಿಂದ ಎಲ್ಲರೂ ಗಡಿಯಾರ ನೋಡುತ್ತಾರೆ. ಐದು ನಿಮಿಷವಾದರೆ ಹತ್ತಿರ, ಐದು ವರ್ಷವಾದರೆ ದೂರ ಅಂತ. ಪಠ್ಯಪುಸ್ತಕಗಳೂ ಹಾಗೇ ಶುರುಮಾಡುತ್ತವೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಹುಡುಗಿಯೊಬ್ಬಳು ‘ಮುಂದಿನ ವರ್ಷ ನಮ್ಮ ಮದುವೆ’ ಅನ್ನಲು ‘ಓಂ ವಾ ಸ ಮಾರಿಯೇ ಲಾನೇ ಪ್ರೋಶೆನ್’ ಅನ್ನುತ್ತಾಳೆ. ವರ್ಷ ದೂರ ಇದೆ, ಆದರೆ ತೀರ್ಮಾನ ಆಗಿಹೋಗಿದೆ. ಬಸುರಿ ಹೆಂಗಸನ್ನು ನೋಡಿ ‘ಎಲ್ ವಾ ಆವ್ವಾರ್ ಅಂ ಬೇಬೇ’ ಅನ್ನುತ್ತಾರೆ. ಹೆರಿಗೆಗೆ ಇನ್ನೂ ಐದು ತಿಂಗಳಿರಬಹುದು, ಆದರೆ ಗುರುತು ಎದುರಿಗಿದೆ.

ಅಂದರೆ ಮತ್ತೆ ಅಮ್ಮನ ಮೋಡದ ಲೆಕ್ಕವೇ. ಈಗ ಕಾಣುವ ಕಾರಣ ಇದ್ದರೆ, ಈಗಲೇ ಮಾಡಿದ ತೀರ್ಮಾನ ಇದ್ದರೆ, ಫ್ಯುತ್ಯುರ್ ಪ್ರೋಶ್. ಈ ಹೊತ್ತಿಗೆ ಯಾವ ಎಳೆಯೂ ಇಲ್ಲದೆ ದೂರದಲ್ಲಿ ತೇಲುವ ಮಾತಾದರೆ ಇನ್ನೊಂದು ಭವಿಷ್ಯ, ಫ್ಯುತ್ಯುರ್ ಸ್ಯಾಂಪ್ಲ್. ‘ಇಲ್ ಪ್ಲೆವ್ರಾ’ ಅಂದರೆ ಅದೇ. ಹವಾಮಾನ ವರದಿ, ಭರವಸೆ, ಭವಿಷ್ಯವಾಣಿ, ಕಾನೂನು ಕಾಗದ, ಇವೆಲ್ಲ ಅದರ ಜಾಗ. ಎರಡರ ನಡುವೆ ಗೋಡೆಯೇನೂ ಇಲ್ಲ. ಮಾತಿನಲ್ಲಿ ಫ್ಯುತ್ಯುರ್ ಪ್ರೋಶ್ ಬಳಸಿದರೆ ತಪ್ಪಾಗುವ ಕಡೆಗಳು ತೀರಾ ಕಡಿಮೆ.

ಕನ್ನಡದವರಿಗೆ ಇನ್ನೊಂದು ಗೊಂದಲ ಇದೆ. ಶಾಲೆಯಲ್ಲಿ ‘ಹೋಗುವೆನು’ ಭವಿಷ್ಯತ್ ಕಾಲ ಅಂತ ಕಲಿತೆವು. ಮಾತಿನಲ್ಲಿ ಯಾರು ಹಾಗೆ ಹೇಳುತ್ತಾರೆ? ‘ದಿನಾ ಹೋಗ್ತೀನಿ’ಗೂ ‘ನಾಳೆ ಹೋಗ್ತೀನಿ’ಗೂ ಒಂದೇ ‘ಹೋಗ್ತೀನಿ’. ಹಾಗಾಗಿ ಫ್ರೆಂಚ್‌ನಲ್ಲೂ ಎಲ್ಲದಕ್ಕೂ ವರ್ತಮಾನವನ್ನೇ ಹಾಕುತ್ತೇವೆ. ‘ನಾಳೆ’ ಅಂತ ಪದ ಇದ್ದರೆ ಅದು ನಡೆಯುತ್ತದೆ: ‘ಜ ಪಾರ್ ದಮ್ಯಾಂ’ ಸರಿಯೇ. ಆದರೆ ಹೊತ್ತು ಹೇಳದೆ ‘ಜ ಮಾಂಜ್’ ಅಂದರೆ ‘ತಿನ್ನುತ್ತಿದ್ದೇನೆ’ ಅಂತಲೇ ಅರ್ಥ. ಅಲ್ಲಿ ‘ಜ ವೆ ಮಾಂಜೇ’ ಬೇಕು.

ದಿನಬಳಕೆಯ ಕೆಲವು ಮಾತುಗಳನ್ನು ಹಾಗೇ ನುಂಗಿಕೊಳ್ಳಿ. ‘ಓಂ ವಾ ವ್ವಾರ್’ ಅಂದರೆ ನಮ್ಮ ‘ನೋಡೋಣ’. ಸಾಲ ಕೇಳಿದವನಿಗೆ, ಮದುವೆ ಪ್ರಸ್ತಾಪ ತಂದವರಿಗೆ ಹೇಳುವ ಅದೇ ‘ನೋಡೋಣ’. ಆಗಲ್ಲ ಅನ್ನುವುದನ್ನು ಮೃದು ಮಾಡಿ ಹೇಳುವ ಕಲೆ ಎರಡೂ ಕಡೆ ಇದೆ. ‘ಸಾ ವಾ ಆಲೇ’ ಅಂದರೆ ಎಲ್ಲ ಸರಿಹೋಗುತ್ತೆ ಬಿಡು. ಮಗು ಹಸಿ ಪಾಚಿ ಮೆಟ್ಟಿಲ ಮೇಲೆ ಓಡಿದರೆ ನಾವು ‘ಬಿದ್ದೀಯ!’ ಅಂತ ಕೂಗುತ್ತೇವೆ. ಅದಕ್ಕೆ ‘ತ್ಯು ವಾ ತೋಂಬೇ!’ ಹೋಟೆಲಿನಲ್ಲಿ ಮಾಣಿ ಬಂದು ನಿಂತಾಗ ‘ಜ ವೆ ಪ್ರಾಂದ್ರ್ ಅಂ ಕಾಫೇ’ ಅಂದರೆ ಒಂದು ಕಾಫಿ ತಗೋತೀನಿ. ಬರೀ ‘ಕಾಫಿ’ ಅನ್ನುವುದಕ್ಕಿಂತ ಇದು ಚೆಂದ.

ಒಳಗಿನಿಂದ ಅಮ್ಮ ಊಟಕ್ಕೆ ಕರೆದಾಗ ನಾವು ಎದ್ದೂ ಇರುವುದಿಲ್ಲ, ‘ಬಂದೆ ಬಂದೆ’ ಅನ್ನುತ್ತೇವೆ. ಭವಿಷ್ಯಕ್ಕೆ ಭೂತಕಾಲ! ಇದನ್ನು ಫ್ರೆಂಚಿಗೆ ಹಾಗೇ ಹಾಕಿದರೆ ಆಗಲೇ ಬಂದುಬಿಟ್ಟಿದ್ದೀರಿ ಅಂತ ಅರ್ಥವಾಗುತ್ತದೆ. ಹಾಗಂತ ಇಲ್ಲಿ ಫ್ಯುತ್ಯುರ್ ಪ್ರೋಶ್ ಕೂಡ ಬಳಸುವುದಿಲ್ಲ. ‘ಜಾರೀವ್!’ ಅನ್ನುತ್ತಾರೆ, ಬರೀ ವರ್ತಮಾನ.

ಹೆಜ್ಜೆ 7: ಜಾರುವ ಮೂರು ಜಾಗ

‘ಹತ್ತು ನಿಮಿಷ ಬಿಟ್ಟು’ ಅನ್ನಲು ‘ದಾಂ ದೀ ಮಿನ್ಯುತ್’. ನಾವು ‘ಬಿಟ್ಟು’, ‘ಆದಮೇಲೆ’ ಅನ್ನುವುದರಿಂದ ‘ಆಪ್ರೆ’ ಹಾಕಲು ಕೈ ತುರಿಸುತ್ತದೆ. ಬೇಡ, ‘ದಾಂ’ ಹಾಕಿ.

‘ಮಳೆ ಬಂದರೆ’ ಅನ್ನುವಾಗ ‘ಸಿ’ ಬರುತ್ತದೆ. ‘ಬಂದರೆ’ಯ ಕೊನೆಯ ‘-ಅರೆ’ ಅರ್ಥದ ಈ ‘ಸಿ’ ಬಂದ ತುಂಡಿನಲ್ಲಿ ಭವಿಷ್ಯ ಬೇಡ, ವರ್ತಮಾನ ಸಾಕು. ಇನ್ನೊಂದು ತುಂಡಿನಲ್ಲಿ ಧಾರಾಳವಾಗಿ ಭವಿಷ್ಯ ಹಾಕಿ: ಸಿಲ್ ಪ್ಲ, ಓಂ ವಾ ರೆಸ್ತೇ ಆ ಲಾ ಮೇಜ಼ೋಂ. ಮಳೆ ಬಂದರೆ ಮನೇಲೇ ಇರ್ತೀವಿ. ಆದರೆ ‘ನೀನು ಬಂದಾಗ ಕೊಡ್ತೀನಿ’ ಅನ್ನುವ ಕಡೆ ‘ಕಾಂ’ ಬರುತ್ತದೆ, ಅಲ್ಲಿ ಎರಡೂ ತುಂಡು ಭವಿಷ್ಯದಲ್ಲಿರಬೇಕು. ಆ ‘ಬಂದಾಗ’ಕ್ಕೆ ಸಾಮಾನ್ಯವಾಗಿ ಫ್ಯುತ್ಯುರ್ ಸ್ಯಾಂಪ್ಲ್ ಬೇಕಾಗುತ್ತದೆ. ಎ2 ಮಟ್ಟಕ್ಕೆ ಬಂದಾಗ ನೋಡಿಕೊಳ್ಳೋಣ.

ಮೂರನೆಯದು, ‘ಹೊರಡೋಕಿದ್ದೆ, ಅಷ್ಟರಲ್ಲಿ ಮಳೆ ಹಿಡೀತು’ ಅನ್ನುವಂಥದ್ದು. ಆಗಬೇಕಿದ್ದು, ಆಗಲಿಲ್ಲ. ಇದಕ್ಕೆ ‘ಆಲೇ’ಯನ್ನು ಭೂತಕಾಲದ ಆಂಪಾರ್ಫೆ ರೂಪಕ್ಕೆ ತಿರುಗಿಸಿ: ಜಾಲೇ ಪಾರ್ತೀರ್. ನಮ್ಮ ‘ಇದ್ದೇನೆ’ ‘ಇದ್ದೆ’ ಆದ ಹಾಗೆ. ಇದರ ಅಕ್ಕಪಕ್ಕದ ಮನೆಯದು ‘ಈಗಷ್ಟೇ ಆಯ್ತು’ ಅನ್ನುವುದು. ಬಸ್‌ಸ್ಟ್ಯಾಂಡಿಗೆ ಏದುಸಿರು ಬಿಡುತ್ತಾ ಬಂದರೆ ಕಂಟ್ರೋಲರ್ ‘ಈಗಷ್ಟೇ ಹೋಯ್ತಲ್ರೀ’ ಅನ್ನುತ್ತಾರಲ್ಲ: ಲ ಬ್ಯುಸ್ ವ್ಯಾಂ ದ ಪಾರ್ತೀರ್. ಇಲ್ಲಿ ‘ಹೋಗು’ ಬದಲು ‘ಬಾ’ ಕ್ರಿಯಾಪದ ಕುಣಿಯುತ್ತದೆ, ಜೊತೆಗೆ ಒಂದು ‘ದ’. ಮುಂದಿನದಕ್ಕೆ ಹೋಗು, ಹಿಂದಿನದಕ್ಕೆ ಬಾ.

ಈಗ ನಿಮ್ಮ ಸರದಿ

ಮೊದಲು ಇದನ್ನು ಗಟ್ಟಿಯಾಗಿ ಮೂರು ಸಲ ಓದಿ:

ಸಾಮ್ದೀ, ಓಂ ವಾ ಆಲೇ ಆ ಜೋಗ್. ಓಂ ವಾ ಪ್ರಾಂದ್ರ್ ಲ ತ್ರ್ಯಾಂ ಜ್ಯುಸ್ಕಾ ತಾಳಗುಪ್ಪ. ಇಲ್ ವಾ ಪ್ಲೆವ್ವಾರ್, ಆಲೋರ್ ಜ ವೆ ಪ್ರಾಂದ್ರ್ ಮೋಂ ಪಾರಾಪ್ಲ್ವಿ. ಮಾಮಾಂ ನ ವಾ ಪಾ ವನೀರ್. ಎಲ್ ವಾ ರೆಸ್ತೇ ಆ ಲಾ ಮೇಜ಼ೋಂ. ನೂಜ಼ಾಲೋಂ ರಾಂತ್ರೇ ದಿಮಾಂಶ್ ಸ್ವಾರ್.

ಶನಿವಾರ ಜೋಗಕ್ಕೆ ಹೋಗ್ತೀವಿ. ತಾಳಗುಪ್ಪದವರೆಗೆ ರೈಲು ಹಿಡೀತೀವಿ. ಮಳೆ ಬರೋ ಹಾಗಿದೆ, ಅದಕ್ಕೆ ಕೊಡೆ ತಗೋತೀನಿ. ಅಮ್ಮ ಬರಲ್ಲ. ಅವಳು ಮನೇಲೇ ಇರ್ತಾಳೆ. ಭಾನುವಾರ ಸಂಜೆ ವಾಪಸ್ ಬರ್ತೀವಿ.

ದಿನಾ ಬೆಳಗ್ಗೆ ಹಲ್ಲುಜ್ಜುವಾಗ ಅವತ್ತು ಮಾಡುವ ಐದು ಕೆಲಸ ಮನಸ್ಸಿನಲ್ಲೇ ‘ಜ ವೆ’ ಹಚ್ಚಿ ಹೇಳಿಕೊಳ್ಳಿ. ಪದ ಗೊತ್ತಿಲ್ಲದಿದ್ದರೆ ಆ ಒಂದು ಪದ ಹುಡುಕಿ, ಇಡೀ ವಾಕ್ಯವನ್ನು ಮೊಬೈಲಿನ ಅನುವಾದಕ್ಕೆ ಕೊಡಬೇಡಿ. ರಾತ್ರಿ ಮಲಗುವಾಗ, ಮಾಡದೆ ಉಳಿದ ಕೆಲಸಗಳಿಗೆ ‘ಜಾಲೇ’ ಹಚ್ಚಿ. ಅದರ ಪಟ್ಟಿ ಸಾಮಾನ್ಯವಾಗಿ ಉದ್ದ ಇರುತ್ತದೆ.

ಈ ಆರು ವಾಕ್ಯಗಳನ್ನು ಫ್ರೆಂಚ್‌ನಲ್ಲಿ ಹೇಳಿ, ಆಮೇಲೆ ಕೆಳಗೆ ನೋಡಿ.

1. ಸಂಜೆ ನಮ್ಮ ಫ್ರೆಂಡ್ಸ್ ಬರೋರಿದ್ದಾರೆ.
2. ಅಜ್ಜ ಕಾಫಿ ತಗೊಳ್ಳಲ್ಲ.
3. ನಾಳೆ ನಾವು ಬೇಗ ಏಳ್ತೀವಿ.
4. ಬಸ್ ಹತ್ತು ನಿಮಿಷ ಬಿಟ್ಟು ಹೊರಡುತ್ತೆ.
5. ಮಳೆ ಬಂದರೆ ಅದನ್ನು ಮನೇಲೇ ಮಾಡ್ತೀವಿ.
6. ಬಂದೆ ಬಂದೆ!

ಉತ್ತರಗಳು:

1. ನೋಜ಼ಾಮೀ ವೋಂ ವನೀರ್ ಸ ಸ್ವಾರ್. ಇಲ್ಲಿ ನಿಜವಾಗಿಯೂ ಹಲವರು, ಹಾಗಾಗಿ ‘ವೋಂ’.
2. ಮೋಂ ಗ್ರಾಂ-ಪೇರ್ ನ ವಾ ಪಾ ಪ್ರಾಂದ್ರ್ ದ ಕಾಫೇ. ‘ವೋಂ’ ಅಂದಿದ್ದರೆ ಹೆಜ್ಜೆ 1ಕ್ಕೆ ವಾಪಸ್.
3. ನೂಜ಼ಾಲೋಂ ನೂ ಲವೇ ತೋ ದಮ್ಯಾಂ. ಎರಡು ‘ನೂ’ ಬಂದರೆ ಸರಿ.
4. ಲ ಬ್ಯುಸ್ ವಾ ಪಾರ್ತೀರ್ ದಾಂ ದೀ ಮಿನ್ಯುತ್.
5. ಸಿಲ್ ಪ್ಲ, ಓಂ ವಾ ಲ ಫೇರ್ ಆ ಲಾ ಮೇಜ಼ೋಂ.
6. ಜಾರೀವ್! ಇದಕ್ಕೆ ‘ಜ ವೆ’ ಹಚ್ಚಿದವರು ಊಟ ಆರಿದ ಮೇಲೆ ಬನ್ನಿ.